ಹಿಮಪರ್ವತವನ್ನೇರಿದ ಜಗದ್ಗುರು

ಕ್ರಿಸ್ತರಾಜರ ಹಬ್ಬವನ್ನು ಧರ್ಮಸಭೆಗೆ ಕೊಟ್ಟವರು, ವ್ಯಾಟಿಕನ್ ರೇಡಿಯೋ ಸ್ಥಾಪಿಸಿದವರು ಜಗದ್ಗುರು ಹನ್ನೊಂದನೆಯ ಪಯಸ್‌ರವರು. ಅವರು ನುರಿತ ಪರ್ವತಾರೋಹಿಯೂ ಆಗಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

1857ರ ಮೇ 31ರಂದು ಇಟಲಿಯ ಮಿಲಾನ್ ಬಳಿಯ ದೆಸಿಯೊ ಎಂಬಲ್ಲಿ ಜನಿಸಿದ ಅಕಿಲ್ಲೆ ರಾತ್ತಿ 1879ರಲ್ಲಿ ಗುರುದೀಕ್ಷೆ ಪಡೆದರು. ಮಿಲಾನಿನ ಅಂಬ್ರೋಸಿಯಾನ ಗ್ರಂಥಾಲಯದಲ್ಲಿ ಹಳೆಯ ಹಸ್ತಪ್ರತಿಗಳ ನಡುವೆ ದುಡಿಯುತ್ತಿದ್ದ ಈ ಗುರುಗಳಿಗೆ ಆಲ್ಪ್ಸ್ ಪರ್ವತಗಳೆಂದರೆ ಪ್ರಾಣ.

1889ರ ಜುಲೈ ಕೊನೆಯಲ್ಲಿ ಅವರು ಮೊಂಟೆ ರೋಸಾ ಪರ್ವತದ ಪೂರ್ವಮುಖವನ್ನು ಏರಲು ಹೊರಟರು. ಅದು ಎರಡು ಸಾವಿರ ಮೀಟರಿಗೂ ಹೆಚ್ಚು ಎತ್ತರದ ಹಿಮದ ಗೋಡೆ, ಹಿಮಕುಸಿತಕ್ಕೆ ಕುಪ್ರಸಿದ್ಧ. ಎಂಟು ವರ್ಷಗಳ ಹಿಂದೆ, 1881ರಲ್ಲಿ, ದಾಮಿಯಾನೊ ಮರಿನೆಲ್ಲಿ ಎಂಬ ಆರೋಹಿ ಇಬ್ಬರು ಮಾರ್ಗದರ್ಶಿಗಳೊಡನೆ ಅಲ್ಲೇ ಹಿಮಕುಸಿತಕ್ಕೆ ಬಲಿಯಾಗಿದ್ದರು. ಆ ಮಾರ್ಗದರ್ಶಿಗಳಲ್ಲೊಬ್ಬನಾದ ಫರ್ಡಿನಾಂಡ್ ಇಮ್ಸೆಂಗ್, 1872ರಲ್ಲಿ ಆ ಗೋಡೆಯನ್ನು ಮೊಟ್ಟಮೊದಲು ಏರಿದ ತಂಡಕ್ಕೆ ದಾರಿ ತೋರಿದವನು! ಅನುಭವವೊಂದೇ ಅವನನ್ನು ಕಾಪಾಡಲಿಲ್ಲ.

ಹಿಮದ ಗುಣ ಅಂಥದು. ರಾತ್ರಿಯ ಚಳಿಗೆ ಗಟ್ಟಿಯಾಗಿ ನಿಂತ ಹಿಮ ಬಿಸಿಲೇರಿದಂತೆ ನೀರಾಗುತ್ತಾ ಹಿಡಿತ ಬಿಡುತ್ತದೆ. ಹೊಸದಾಗಿ ಬಿದ್ದ ಹಿಮ ಹಳೆಯ ಪದರಕ್ಕೆ ಸರಿಯಾಗಿ ಅಂಟಿಕೊಳ್ಳದಿದ್ದರೆ ಒಬ್ಬ ಮನುಷ್ಯನ ಭಾರಕ್ಕೇ ಇಡೀ ಇಳಿಜಾರು ಜಾರಬಹುದು. ಮೇಲಿನ ಬಿಳುಪು ಒಳಗಿನ ಸಡಿಲವನ್ನು ತೋರಿಸುವುದಿಲ್ಲ. ಪೂರ್ವಮುಖಕ್ಕಾದರೋ ಬೆಳಗಿನ ಮೊದಲ ಬಿಸಿಲೇ ಬೀಳುತ್ತದೆ.

ಇದನ್ನೆಲ್ಲ ಅರಿತ ರಾತ್ತಿಯವರು, ಮಿತ್ರರಾದ ಲುಯಿಜಿ ಗ್ರಾಸೆಲ್ಲಿ ಹಾಗೂ ಮಾರ್ಗದರ್ಶಿಗಳಾದ ಗಾದಿನ್, ಪ್ರೊಮೆಂತ್ ಜೊತೆ ನಡುರಾತ್ರಿ ಕಳೆದೊಡನೆ ಹೊರಟು, ಮರಿನೆಲ್ಲಿ ಮಡಿದ ಕೊರಕಲನ್ನು ಬಿಸಿಲಿಗೆ ಮೊದಲೇ ದಾಟಿದರು. ಶಿಖರದ ಹತ್ತಿರ ಬಂದಾಗ ಕತ್ತಲಾಯಿತು. ಆತುರಪಡದೆ, ಇಕ್ಕಟ್ಟಾದ ಬಂಡೆಯ ಅಂಚಿನಲ್ಲಿ ನಿಂತರು. ಆ ಚಳಿಯಲ್ಲಿ ಮಲಗುವುದು ಅಪಾಯಕರ; ಆದ್ದರಿಂದ ಕಾಲು ಕುಟ್ಟುತ್ತಾ ಇಡೀ ರಾತ್ರಿ ಎಚ್ಚರವಾಗಿದ್ದರು. ಮರುದಿನ 4634 ಮೀಟರ್ ಎತ್ತರದ ಡ್ಯುಫೂರ್ ಶಿಖರವನ್ನು ಮುಟ್ಟಿ, ಆಚೆಗೆ ಸ್ವಿಟ್ಜರ್ಲೆಂಡಿನ ಕಡೆ ಕ್ಷೇಮವಾಗಿ ಇಳಿದರು.

1922ರಲ್ಲಿ ಜಗದ್ಗುರುವಾದ ಮೇಲೂ ಅವರು ಪರ್ವತಗಳನ್ನು ಮರೆಯಲಿಲ್ಲ. ಆಲ್ಪ್ಸ್ ಕಣಿವೆದಾರಿಯಲ್ಲಿ ಪಯಣಿಗರಿಗಾಗಿ ಆಶ್ರಯಧಾಮ ಕಟ್ಟಿದ ಸಂತ ಬರ್ನಾರ್ಡರನ್ನು 1923ರಲ್ಲಿ ಆಲ್ಪ್ಸ್ ನಿವಾಸಿಗಳ ಹಾಗೂ ಪರ್ವತಾರೋಹಿಗಳ ಪಾಲಕ ಸಂತರೆಂದು ಘೋಷಿಸಿದರು. ಆ ಪತ್ರದಲ್ಲಿ ಪರ್ವತಾರೋಹಣವನ್ನು ಹೊಗಳಿದರೂ, ದುಡುಕು ಇರಬಾರದೆಂಬ ಮಾತನ್ನು ಸೇರಿಸಲು ಮರೆಯಲಿಲ್ಲ. 1939ರ ಫೆಬ್ರವರಿ 10ರಂದು ಅವರು ದೈವಾಧೀನರಾದರು.

ಧೈರ್ಯವಿದ್ದವರಿಗೆ ವಿವೇಕ ಬೇಡವೆಂದು ನಮ್ಮ ಯುವಜನರು ಭಾವಿಸುವುದುಂಟು. ಹೊರಡಬೇಕಾದ ಹೊತ್ತಿನಲ್ಲಿ ಹೊರಟು, ನಿಲ್ಲಬೇಕಾದ ಕಡೆ ನಿಂತದ್ದರಿಂದಲೇ ಆ ನಾಲ್ವರೂ ಮನೆ ಸೇರಿದರು. ವಿವೇಕವೂ ದೇವರ ವರವೇ. ಮಕ್ಕಳಿಗೆ ಧೈರ್ಯ ಹೇಳಿಕೊಡುವಾಗ ಇದನ್ನೂ ಹೇಳಿಕೊಡೋಣ.