ಕನ್ನಡ ಶಾಲೆಗಳ ಕಾಯಕಯೋಗಿ ಡೆಪ್ಯೂಟಿ ಚನ್ನಬಸಪ್ಪನವರು

ಪದವಿಯ ಹೆಸರು ಮನುಷ್ಯನ ಹೆಸರಿನೊಡನೆ ಬೆರೆತು, ಆತನು ಲಿಂಗೈಕ್ಯನಾದ ತರುವಾಯವೂ ಅಳಿಯದೆ ಉಳಿಯುವುದು ಲೋಕದಲ್ಲಿ ವಿರಳ. ಎಷ್ಟೋ ಮಂದಿ ಕಲೆಕ್ಟರರೂ ಕಮಿಶನರರೂ ಈ ನಾಡನ್ನು ಆಳಿ ಹೋದರು. ಅವರ ಅಧಿಕಾರ ಮುಗಿದೊಡನೆ ಅವರ ಪದವಿಯ ನೆನಪೂ ಮುಗಿಯಿತು. ಆದರೆ ಡೆಪ್ಯೂಟಿ ಎಂಬ ಮಾತಿಲ್ಲದೆ ಚನ್ನಬಸಪ್ಪನವರ ಹೆಸರನ್ನು ಕನ್ನಡಿಗರು ಹೇಳುವುದೇ ಇಲ್ಲ. ಇದು ಕಂದಾಯವನ್ನೆತ್ತುವ ಡೆಪ್ಯೂಟಿಯ ಪದವಿಯಲ್ಲ, ದಂಡ ವಿಧಿಸುವ ಪದವಿಯೂ ಅಲ್ಲ. ಊರೂರಿಗೆ ಹೋಗಿ ಶಾಲೆಗಳನ್ನು ನೋಡಿ, ಮಕ್ಕಳನ್ನು ಪರೀಕ್ಷಿಸಿ, ಮಾಸ್ತರರಿಗೆ ದಾರಿ ತೋರುವ ಡೆಪ್ಯೂಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರರ ಪದವಿಯದು. ಸರಕಾರದ ದೃಷ್ಟಿಯಲ್ಲಿ ಅಷ್ಟೇನೂ ದೊಡ್ಡದಲ್ಲದ ಈ ಚಾಕರಿಯನ್ನು ಚನ್ನಬಸಪ್ಪನವರು ಕಾಯಕವನ್ನಾಗಿ ಮಾಡಿದರು. ಅದರ ಫಲವನ್ನು ಉತ್ತರ ಕರ್ನಾಟಕದ ಮನೆಮನೆಗಳು ಉಂಡಿವೆ.

ಚನ್ನಬಸಪ್ಪನವರು 1834ರಲ್ಲಿ ಧಾರವಾಡದಲ್ಲಿ ಜನಿಸಿದರು. ತಂದೆಯವರ ಹೆಸರು ಬಸಲಿಂಗಪ್ಪ. ಅವರು ಹುಟ್ಟಿದ ಕಾಲದಲ್ಲಿ ಕನ್ನಡದ ಸ್ಥಿತಿ ಶೋಚನೀಯವಾಗಿದ್ದಿತು. ಪೇಶವೆಯರ ಆಳಿಕೆಯು 1818ರಲ್ಲಿ ಅಳಿದು ಧಾರವಾಡ ಸೀಮೆಯು ಕಂಪನಿ ಸರಕಾರದ ವಶವಾಗಿ, ಮುಂಬಯಿ ಇಲಾಖೆಗೆ ಸೇರಿತ್ತು. ದೊರೆಗಳು ಬದಲಾದರೂ ಕಚೇರಿಯ ಭಾಷೆ ಬದಲಾಗಲಿಲ್ಲ. ದಫ್ತರಗಳು ಮರಾಠಿಯಲ್ಲಿ, ಲೆಕ್ಕಪತ್ರಗಳು ಮೋಡಿಯಲ್ಲಿ, ಅಧಿಕಾರಿಗಳ ಮಾತೂ ಮರಾಠಿಯಲ್ಲಿ. ಚಾಕರಿ ಬೇಕಾದವನು ಮರಾಠಿಯನ್ನೇ ಕಲಿಯತಕ್ಕದ್ದು. ಆದುದರಿಂದ ಸರಕಾರವು ತೆರೆದ ಶಾಲೆಗಳಲ್ಲಿಯೂ ಬಹುತೇಕ ಅದೇ ಭಾಷೆ ನಡೆಯುತ್ತಿದ್ದಿತು. ಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ, ಗುಡಿಮಠಗಳಲ್ಲಿ ಕನ್ನಡವಿದ್ದ ಒಕ್ಕಲಿಗನ ಮಗನು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ತನಗೆ ತಿಳಿಯದ ನುಡಿಯನ್ನು ಕೇಳಬೇಕಾಗುತ್ತಿದ್ದಿತು. ಕನ್ನಡವು ಒಕ್ಕಲುಮಕ್ಕಳ ಮಾತು, ವಿದ್ಯೆಗೆ ಒದಗುವ ಭಾಷೆಯಲ್ಲವೆಂಬ ಭಾವನೆಯು ಪರರಲ್ಲಿ ಮಾತ್ರವಲ್ಲ, ಕನ್ನಡಿಗರಲ್ಲಿಯೂ ಬೇರೂರಿದ್ದಿತು. ಪರರ ತಾತ್ಸಾರಕ್ಕಿಂತ ತನ್ನವರ ಈ ಕೀಳರಿಮೆಯೇ ಹೆಚ್ಚು ಘಾತುಕವಾದುದು.

ತರುಣ ಚನ್ನಬಸಪ್ಪನವರು ಪುಣೆಗೆ ಹೋಗಿ ಇಂಗ್ಲೀಷ ವಿದ್ಯೆಯನ್ನು ಪಡೆದರು. ಆ ದಿನಗಳಲ್ಲಿ ಇಂಗ್ಲೀಷ ಬಲ್ಲವನಿಗೆ ಕಚೇರಿಯ ಬಾಗಿಲುಗಳೆಲ್ಲ ತೆರೆದಿದ್ದವು. ಆದರೂ ಅವರು ಶಿಕ್ಷಣಖಾತೆಯನ್ನೇ ಸೇರಿದರು. ಮುಂಬಯಿ ಇಲಾಖೆಯಲ್ಲಿ 1855ರಲ್ಲಿ ಈ ಖಾತೆಯು ಹೊಸತಾಗಿ ಸ್ಥಾಪಿತವಾಗಿದ್ದಿತು. ಧಾರವಾಡ, ಬೆಳಗಾವಿ, ಕಲಾದಗಿ ಮೊದಲಾದ ಕನ್ನಡ ಪ್ರಾಂತಗಳು ಅದರ ದಕ್ಷಿಣ ವಿಭಾಗಕ್ಕೆ ಸೇರಿದವು. ಆ ವಿಭಾಗದ ಇನ್‌ಸ್ಪೆಕ್ಟರರಾಗಿದ್ದ ರಸೆಲ್ ಸಾಹೇಬರು ಕನ್ನಡದಲ್ಲಿ ಪ್ರೀತಿಯುಳ್ಳವರಾಗಿದ್ದುದು ನಾಡಿನ ಪುಣ್ಯವೆನ್ನಬೇಕು. ಕನ್ನಡ ಸೀಮೆಯ ಮಕ್ಕಳಿಗೆ ಕನ್ನಡದಲ್ಲಿಯೇ ಕಲಿಸತಕ್ಕದ್ದೆಂಬ ವಿಚಾರಕ್ಕೆ ಮೇಲಿನಿಂದ ರಸೆಲ್ ಸಾಹೇಬರ ಬೆಂಬಲ ದೊರೆಯಿತು. ಕೆಳಗಿನಿಂದ ಅದನ್ನು ಹೊತ್ತು ನಡೆಸುವ ಹೆಗಲು ಚನ್ನಬಸಪ್ಪನವರದಾಯಿತು.

ಶಾಲೆಯೆಂದರೆ ಮೊದಲು ಮಾಸ್ತರನು. ಕನ್ನಡ ಶಾಲೆಗಳನ್ನು ತೆರೆಯಿರೆಂದು ಹುಕುಮು ಹೊರಡಿಸುವುದು ಸುಲಭ. ಕನ್ನಡದಲ್ಲಿ ಗಣಿತವನ್ನೂ ಭೂಗೋಲವನ್ನೂ ಇತಿಹಾಸವನ್ನೂ ಕಲಿಸಬಲ್ಲವರನ್ನು ತರುವುದೆಲ್ಲಿಂದ? ಈ ಕೊರತೆಯನ್ನು ನೀಗಲು ಧಾರವಾಡದಲ್ಲಿ ನಾರ್ಮಲ್ ಸ್ಕೂಲು ನಡೆಯಿತು. ಅದೇ ಮುಂದೆ ಟ್ರೇನಿಂಗ್ ಕಾಲೇಜೆಂದು ಹೆಸರಾಯಿತು. ಅಲ್ಲಿ ಮುಖ್ಯಾಧ್ಯಾಪಕರಾಗಿ ಚನ್ನಬಸಪ್ಪನವರು ತರುಣರನ್ನು ತಿದ್ದಿದರು. ಮಾಸ್ತರಿಕೆಯೆಂದರೆ ಬೆತ್ತವನ್ನಾಡಿಸಿ ಮಗ್ಗಿ ಬಾಯಿಪಾಠ ಮಾಡಿಸುವುದಷ್ಟೇ ಅಲ್ಲ, ಅದಕ್ಕೂ ಒಂದು ಶಾಸ್ತ್ರವುಂಟು ಎಂಬುದನ್ನು ಈ ನಾಡಿಗೆ ತೋರಿಸಿದುದು ಅಂಥ ಶಾಲೆ. ಒಂದು ಊರಿನಲ್ಲಿ ತಾನು ನೂರು ಮಕ್ಕಳಿಗೆ ಕಲಿಸಿದರೆ ಫಲ ನೂರು. ನೂರು ಮಂದಿ ಮಾಸ್ತರರನ್ನು ಸಿದ್ಧಪಡಿಸಿದರೆ ಫಲಕ್ಕೆ ಎಣಿಕೆಯಿಲ್ಲ.

ಅನಂತರ ಡೆಪ್ಯೂಟಿಯ ಕೆಲಸ. ಈ ಕೆಲಸವು ಎಂಥದೆಂಬುದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಒಂದು ಜಿಲ್ಲೆಯ ಶಾಲೆಗಳೆಲ್ಲವೂ ಡೆಪ್ಯೂಟಿಯ ಕಣ್ಣಿನಲ್ಲಿರಬೇಕು. ಧಾರವಾಡಕ್ಕೆ ಆಗಿನ್ನೂ ಉಗಿಬಂಡಿ ಬಂದಿರಲಿಲ್ಲ. ಕುದುರೆ, ಚಕ್ಕಡಿ, ಇಲ್ಲವೆ ಕಾಲುನಡಿಗೆಯೇ ಗತಿ. ಎರೆಯ ಭೂಮಿಯ ದಾರಿಗಳು ಮಳೆಗಾಲದಲ್ಲಿ ಕೆಸರಾಗಿ ಗಾಲಿಗಳನ್ನು ನುಂಗುವಂಥವು. ಊರನ್ನು ಸೇರಿದ ಮೇಲೆ ಹಾಜರಿಪಟ್ಟಿ ನೋಡುವುದು, ತರಗತಿ ತರಗತಿಯಾಗಿ ಮಕ್ಕಳ ಓದು ಬರೆಹ ಲೆಕ್ಕಗಳನ್ನು ಪರೀಕ್ಷಿಸುವುದು, ಮಾಸ್ತರರ ಗುಣದೋಷಗಳನ್ನು ಬರೆದುಕೊಳ್ಳುವುದು, ಗೌಡ ಕುಲಕರ್ಣಿಗಳನ್ನೂ ಹಿರಿಯರನ್ನೂ ಕೂಡಿಸಿ ಶಾಲೆಗೆ ಸ್ಥಳ ಕೇಳುವುದು, ದನಕಾಯುವ ಹುಡುಗನನ್ನು ಶಾಲೆಗೆ ಕಳುಹಿಸೆಂದು ತಂದೆಯನ್ನು ಒಲಿಸುವುದು, ಕೊನೆಗೆ ಇವೆಲ್ಲವನ್ನೂ ಇಂಗ್ಲೀಷಿನಲ್ಲಿ ವರದಿ ಬರೆದು ಮೇಲಕ್ಕೆ ಕಳುಹಿಸುವುದು. ಹೊಸ ಶಾಲೆ ಎಲ್ಲಿ ಬೇಕು, ಅದು ಯಾವ ಭಾಷೆಯದಾಗಬೇಕು ಎಂಬ ಮಾತಿನಲ್ಲಿ ಸರಕಾರವು ನಂಬುವುದು ಈ ವರದಿಯನ್ನೇ. ಡೆಪ್ಯೂಟಿಯು ಆಲಸ್ಯದಿಂದ ಇದ್ದುದು ಇದ್ದಂತೆಯೇ ಇರಲಿ ಎಂದು ಬರೆದರೆ ಮತ್ತೊಂದು ತಲೆಮಾರು ಕನ್ನಡಕ್ಕೆ ಎರವಾಗುತ್ತಿದ್ದಿತು. ಚನ್ನಬಸಪ್ಪನವರ ಲೇಖನಿ ಹಾಗೆ ಬರೆಯಲಿಲ್ಲ. ಕನ್ನಡ ಊರುಗಳಲ್ಲಿದ್ದ ಮರಾಠಿ ಶಾಲೆಗಳು ಕನ್ನಡ ಶಾಲೆಗಳಾಗುವಂತೆಯೂ, ಶಾಲೆಯಿಲ್ಲದ ಊರುಗಳಲ್ಲಿ ಕನ್ನಡ ಶಾಲೆಗಳು ಹುಟ್ಟುವಂತೆಯೂ ಅವರು ಬಿಡದೆ ದುಡಿದರು.

ಇದರಲ್ಲಿ ಒಂದು ನ್ಯಾಯದ ಮಾತೂ ಅಡಗಿದ್ದಿತು. ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡಿನ ಪಟ್ಟಿಯನ್ನೆತ್ತುವ ಪದ್ಧತಿಯು 1860ರ ದಶಕದಲ್ಲಿ ಬಂದು, 1869ರಲ್ಲಿ ಕಾಯಿದೆಯಾಯಿತು. ಅದರ ಮೂರರಲ್ಲೊಂದು ಪಾಲು ಶಾಲೆಗಳಿಗೆ ಸಲ್ಲುತ್ತಿದ್ದಿತು. ಮಿಕ್ಕುದು ರಸ್ತೆ ಮೊದಲಾದವುಗಳಿಗೆ. ಎಂದರೆ, ಹಳ್ಳಿಯ ಶಾಲೆಯು ಬೆವರು ಸುರಿಸಿ ದುಡಿದ ಒಕ್ಕಲಿಗನ ಹಣದಿಂದ ನಡೆಯುತ್ತಿದ್ದಿತು. ಯಾರ ಹಣದಿಂದ ಶಾಲೆ ನಡೆಯುವುದೋ ಅವರ ಮಕ್ಕಳಿಗೆ ತಿಳಿಯದ ಭಾಷೆಯಲ್ಲಿ ಅಲ್ಲಿ ಪಾಠ ನಡೆಯುವುದು ಯಾವ ಧರ್ಮ? ಮರಾಠಿಯ ಮೇಲಣ ದ್ವೇಷದಿಂದ ಹುಟ್ಟಿದ ಹೋರಾಟ ಇದಲ್ಲ. ಉಣ್ಣುವವನ ಎಲೆಗೆ ಅವನ ಅನ್ನವನ್ನು ಬಡಿಸಬೇಕೆಂಬ ಸರಳವಾದ ನ್ಯಾಯವಿದು.

ಮಾಸ್ತರರು ಸಿದ್ಧರಾದರು, ಶಾಲೆಗಳು ತೆರೆದವು, ಓದಲು ಪುಸ್ತಕಗಳೆಲ್ಲಿ? ಈ ಚಿಂತೆಯಿಂದ ಶಿಕ್ಷಣಖಾತೆಯ ಕನ್ನಡಿಗರು ಲೇಖನಿ ಹಿಡಿದರು. ವೆಂಕಟ ರಂಗೋ ಕಟ್ಟಿಯವರು, ಗಂಗಾಧರ ಮಡಿವಾಳೇಶ್ವರ ತುರಮರಿಯವರು ಮೊದಲಾದವರು ಈ ಖಾತೆಯ ಆಶ್ರಯದಲ್ಲಿಯೇ ಬೆಳಗಿದವರು. 1865ರಲ್ಲಿ ಮಠಪತ್ರಿಕೆಯೆಂಬ ಮಾಸಪತ್ರಿಕೆಯು ಮಾಸ್ತರರ ಉಪಯೋಗಕ್ಕಾಗಿ ಹೊರಟಿತು. ದೂರದ ಹಳ್ಳಿಯಲ್ಲಿ ಏಕಾಕಿಯಾಗಿ ಕುಳಿತ ಮಾಸ್ತರನಿಗೆ ಅದು ಸಂಗಾತಿಯಾಯಿತು. ಸ್ವತಃ ಚನ್ನಬಸಪ್ಪನವರು ಶೇಕ್ಸ್‌ಪಿಯರ ಮಹಾಕವಿಯ ಕಾಮೆಡಿ ಆಫ್ ಎರರ್ಸ್ ನಾಟಕವನ್ನು ಕನ್ನಡಕ್ಕೆ ಒಗ್ಗಿಸಿ, ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ 1871ರಲ್ಲಿ ಪ್ರಕಟಿಸಿದರು. ಶೇಕ್ಸ್‌ಪಿಯರನು ಕನ್ನಡ ಮಾತನಾಡಿದ ಮೊದಮೊದಲ ಪುಸ್ತಕಗಳಲ್ಲಿ ಇದೊಂದು. ಒಣ ಪಾಠಗಳಿಂದ ಮಾತ್ರ ಓದುಗರು ಹುಟ್ಟುವುದಿಲ್ಲ, ನಗುವೂ ಬೇಕೆಂಬುದನ್ನು ಆ ಶಾಲಾಧಿಕಾರಿಯು ಅರಿತಿದ್ದನೆಂಬುದಕ್ಕೆ ಆ ಹೆಸರೇ ಸಾಕ್ಷಿ. ಕನ್ನಡದಲ್ಲಿ ಏನಿದೆ ಎಂದು ಕೇಳುತ್ತಿದ್ದವರಿಗೆ ಅದೇ ಉತ್ತರವೂ ಆಯಿತು.

ಎಲ್ಲವೂ ಕೈಗೂಡಿತೆಂದು ಹೇಳಿದರೆ ಸತ್ಯಕ್ಕೆ ಕುಂದು. ಹೆಣ್ಣುಮಕ್ಕಳ ವಿದ್ಯೆಯು ಆ ಕಾಲದಲ್ಲಿ ಇನ್ನೂ ಮೊಳಕೆಯ ಸ್ಥಿತಿಯಲ್ಲಿದ್ದಿತು. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಯ ಬಾಗಿಲು ಹೆಸರಿಗೆ ತೆರೆದಿದ್ದರೂ ಊರಿನ ಕಟ್ಟು ಅವರನ್ನು ಹೊರಗೇ ನಿಲ್ಲಿಸುತ್ತಿದ್ದಿತು. ಇದರ ಮೇಲೆ 1876ರಿಂದ 1878ರ ವರೆಗಿನ ಭೀಕರ ಬರಗಾಲವು ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಹಿಂಡಿತು. ಅನ್ನವನ್ನರಸಿ ಊರಿಗೆ ಊರೇ ಹೊರಟಾಗ ಶಾಲೆಗಳು ತುಂಬುವುದೆಂತು? ಹಲವು ವರ್ಷಗಳ ದುಡಿಮೆಯ ಫಲವು ಕಣ್ಣೆದುರಿಗೆ ಬಾಡುವುದನ್ನು ನೋಡುವ ದುಃಖವು ಆ ತಲೆಮಾರಿನ ಶಾಲಾಧಿಕಾರಿಗಳ ಪಾಲಿಗೆ ಬಂದಿತು. ಆದರೂ ಬೇರು ಸತ್ತಿರಲಿಲ್ಲ. ಬರ ಕಳೆದ ಬಳಿಕ ಶಾಲೆಗಳು ಮತ್ತೆ ಚಿಗುರಿದವು.

ಚನ್ನಬಸಪ್ಪನವರು 1881ರಲ್ಲಿ ಲಿಂಗೈಕ್ಯರಾದರು. ಅವರಿಗಾಗ ಐವತ್ತೂ ತುಂಬಿರಲಿಲ್ಲ. ಎರಡು ವರ್ಷಗಳ ತರುವಾಯ, 1883ರಲ್ಲಿ, ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ತಲೆಯೆತ್ತಿತು. ಕೊನೆಗೆ 1956ರಲ್ಲಿ ಹರಿದು ಹಂಚಿಹೋದ ಕನ್ನಡ ನಾಡು ಒಂದಾಯಿತು. ಇವೆಲ್ಲವನ್ನೂ ಕಾಣಲು ಅವರಿರಲಿಲ್ಲ. ಆದರೆ ಕನ್ನಡದಲ್ಲಿ ಓದಿ ಬರೆಯಬಲ್ಲ ಜನರಿಲ್ಲದೆ ಕನ್ನಡದ ಸಂಘವೆಲ್ಲಿ, ಕನ್ನಡದ ಪತ್ರಿಕೆಯೆಲ್ಲಿ, ಕನ್ನಡದ ನಾಡೆಲ್ಲಿ? ಮುಂದಿನವರು ಎತ್ತಿದ ಗೋಪುರಕ್ಕೆ ನೆಲದೊಳಗಿನ ಕಲ್ಲಾದವರು ಅವರು.

ನಮ್ಮ ಹಿರಿಯರು ಶಾಲೆಯನ್ನು ಮಠವೆಂದೇ ಕರೆಯುತ್ತಿದ್ದರು. ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಜಗಲಿಯೂ ಮಠವೇ, ಶಿವಪೂಜೆ ನಡೆಯುವ ಸ್ಥಳವೂ ಮಠವೇ. ಚನ್ನಬಸಪ್ಪನವರು ಸರಕಾರದ ಸಂಬಳವನ್ನುಂಡು ಆ ಎರಡನೆಯ ಅರ್ಥದ ಗೌರವವನ್ನು ಮೊದಲನೆಯದಕ್ಕೆ ತಂದುಕೊಟ್ಟರು. ದೊಡ್ಡ ದಾನ ಮಾಡಲು ಎಲ್ಲರಿಗೂ ಶಕ್ತಿಯಿರುವುದಿಲ್ಲ. ತನ್ನ ಪಾಲಿಗೆ ಬಂದ ಚಾಕರಿಯನ್ನು, ಅದೆಷ್ಟೇ ಚಿಕ್ಕದಿರಲಿ, ಜನರ ಮಕ್ಕಳ ಹಿತಕ್ಕಾಗಿ ಕಳಂಕವಿಲ್ಲದೆ ನಡೆಯಿಸುವ ಶಕ್ತಿ ಎಲ್ಲರಿಗೂ ಉಂಟು. ಊರ ಶಾಲೆಯ ಮಾಸ್ತರನನ್ನು ಆದರಿಸುವ, ಬಡವರ ಮಗುವನ್ನು ಕೈಹಿಡಿದು ಶಾಲೆಗೆ ತರುವ ಪ್ರತಿಯೊಬ್ಬ ಸದ್ಭಕ್ತನೂ ಆ ಪುಣ್ಯಪುರುಷರ ಕಾಯಕದಲ್ಲಿ ಪಾಲುಗಾರನೇ ಸರಿ.