ಮೋಡಕ್ಕೆ ತಮ್ಮನನ್ನು ಕೊಟ್ಟ ಕವಿ

ಮೈಸೂರಿನ ಒಂಟಿಕೊಪ್ಪಲ್ ಎಂದೊಡನೆ ಸಾಹಿತ್ಯಾಸಕ್ತರಿಗೆ ನೆನಪಾಗುವುದು ಕುವೆಂಪು ಅವರ ಮನೆ ‘ಉದಯರವಿ’. ಮಹಾಕಾವ್ಯದ ಕವಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಎಂಬ ಹಿರಿಮೆಗಳ ನಡುವೆ, ಮಕ್ಕಳ ಆಟದ ಲೋಕವನ್ನು ಬಲ್ಲ ಕುವೆಂಪು ಕೊಂಚ ಮರೆಯಾಗಿದ್ದಾರೆ.

1904ರ ಡಿಸೆಂಬರ್ 29ರಂದು ಜನಿಸಿದ ಅವರು ಬೆಳೆದದ್ದು ತೀರ್ಥಹಳ್ಳಿ ಸಮೀಪದ ಕುಪ್ಪಳಿಯಲ್ಲಿ. ಕಾಡು, ಹಳ್ಳ, ಬಂಡೆಗಳೇ ಅಲ್ಲಿನ ಬಾಲಕರ ಆಟಿಕೆಗಳು. ಹನ್ನೆರಡರ ವಯಸ್ಸಿಗೇ ತಂದೆ ವೆಂಕಟಪ್ಪನವರು ತೀರಿಕೊಂಡರು. ಮುಂದೆ ಮೈಸೂರಿಗೆ ಓದಲು ಬಂದ ಹುಡುಗ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ಜೇಮ್ಸ್ ಕಸಿನ್ಸ್ ಅವರ ಹಿತವಚನದಿಂದ ಕನ್ನಡಕ್ಕೆ ತಿರುಗಿದರು.

ಮಕ್ಕಳಿಗಾಗಿ ಅವರು ಬರೆಯತೊಡಗಿದ್ದು 1920ರ ದಶಕದಲ್ಲಿ, ಇನ್ನೂ ಅವಿವಾಹಿತರಾಗಿದ್ದಾಗ. ‘ಮೋಡಣ್ಣನ ತಮ್ಮ’ ನಾಟಕದ ಹೆಸರಿನಲ್ಲೇ ಮಗುವಿನ ತರ್ಕವಿದೆ: ಆಕಾಶದ ಮೋಡವೂ ಮನೆಯ ಅಣ್ಣನೇ. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಮೂಲ ಬ್ರೌನಿಂಗ್ ಕವಿಯ ಜರ್ಮನ್ ಪಟ್ಟಣದ ಕಥೆ. ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದರು. ಪಟ್ಟಣದ ಮೇಯರನು ಊರ ಗೌಡನಾದ. ಹೊಸ ಆಟಿಕೆಯನ್ನು ಕೊಳ್ಳದೆಯೇ ಮನೆಯಲ್ಲಿ ಆಡಬಹುದಾದ ಕಥೆಯಿದು. ಅಜ್ಜಿಯ ಶಾಲು ಜೋಗಿಯ ನಿಲುವಂಗಿ, ಅಡುಗೆಮನೆಯ ಸೌಟು ಕಿಂದರಿ, ದಿಂಬುಗಳೆಲ್ಲ ಇಲಿಗಳು. ಗೌಡನ ಪಾತ್ರವನ್ನು ಮಾತ್ರ ಅಪ್ಪನಿಗೇ ಬಿಡುವುದು ಲೇಸು. ಮಾತಿಗೆ ತಪ್ಪುವ ಹಿರಿಯರ ಪಾಡು ಅವರಿಗೂ ತಿಳಿಯಲಿ!

‘ನನ್ನ ಗೋಪಾಲ’ದ ಧಾಟಿ ಬೇರೆ. ತಂದೆಯಿಲ್ಲದ ಬಡ ಹುಡುಗನಿಗೆ ಕಾಡುದಾರಿಯಲ್ಲಿ ಶಾಲೆಗೆ ಹೋಗಲು ಭಯ. ಅಲ್ಲಿ ಗೋಪಾಲನೆಂಬ ಅಣ್ಣನಿದ್ದಾನೆ, ಹೆದರಿದಾಗ ಕರೆ ಎನ್ನುತ್ತಾಳೆ ತಾಯಿ. ಹುಡುಗ ನಂಬುತ್ತಾನೆ, ಕರೆಯುತ್ತಾನೆ, ಅಣ್ಣ ಬರುತ್ತಾನೆ. ಕಥೆ ಪರಮಹಂಸರ ಪರಂಪರೆಯದು. ಆದರೆ ಮಲೆನಾಡಿನ ಕಾಡನ್ನೂ ಪಿತೃವಿಯೋಗವನ್ನೂ ಎಳವೆಯಲ್ಲೇ ಕಂಡವರ ಕೈಯಲ್ಲಿ ಅದು ಬರಿಯ ಭಕ್ತಿಕಥೆಯಾಗಿ ಉಳಿದಿರಲಾರದು. ಒಂಟಿ ಮಗು ಕಲ್ಪಿಸಿಕೊಳ್ಳುವ ಸಂಗಾತಿಯನ್ನು ಸುಳ್ಳೆಂದು ಗದರುವ ಹಿರಿಯರು ಈ ನಾಟಕವನ್ನೊಮ್ಮೆ ಓದಬೇಕು.

1937ರಲ್ಲಿ ಹೇಮಾವತಿಯವರೊಡನೆ ವಿವಾಹವಾಯಿತು. ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳು. ಮಕ್ಕಳು ಅವರನ್ನು ಕರೆಯುತ್ತಿದ್ದುದು ‘ಅಣ್ಣ’ ಎಂದೇ. ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’, ಮಗಳು ತಾರಿಣಿಯವರ ‘ಮಗಳು ಕಂಡ ಕುವೆಂಪು’ ಕೃತಿಗಳಲ್ಲಿ ಆ ಮನೆಯ ಬಾಲ್ಯ ದಾಖಲಾಗಿದೆ.

ಹುಟ್ಟುವಾಗ ವಿಶ್ವಮಾನವನಾಗಿರುವ ಮಗುವನ್ನು ಬೆಳೆಸುತ್ತ ನಾವೇ ಕುಬ್ಜಗೊಳಿಸುತ್ತೇವೆಂಬುದು ಅವರ ನಿಲುವಾಗಿತ್ತು. ತಾಯ್ನುಡಿಯ ಶಿಕ್ಷಣಕ್ಕಾಗಿ ಕೊನೆಯವರೆಗೂ ವಾದಿಸಿದರು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದರು. ಶಾಲಾ ವಾರ್ಷಿಕೋತ್ಸವಗಳಲ್ಲಿ ಕಿಂದರಿಜೋಗಿ ಇಂದಿಗೂ ಬಣ್ಣ ಹಚ್ಚುತ್ತಾನೆ.