ಲಸಿಕೆಯ ಡಾಕ್ಟರು ಪಲ್ಪು

ಕಾಪು, ಕಾರ್ಕಳ, ಉಡುಪಿ ಕಡೆಯ ಗುರುಮಂದಿರಗಳಲ್ಲಿ ಬ್ರಹ್ಮಶ್ರೀ ನಾರಾಯಣ ಗುರುಗಳಿಗೆ ನಾವೆಲ್ಲ ಕೈಮುಗಿಯುತ್ತೇವೆ. ಅವರ ಬೆನ್ನಿಗೆ ನಿಂತು ದುಡಿದವರು ಡಾ. ಪದ್ಮನಾಭನ್ ಪಲ್ಪು. ಈ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು, ರೋಗನಿರೋಧಕ ಶಕ್ತಿಯ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಅವರ ಕಥೆ ಹೇಳುತ್ತಿದ್ದೆ.

ಪಲ್ಪು ಅವರು 1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದರು. ನಮ್ಮ ಬಿಲ್ಲವರಂತೆ ಅಲ್ಲಿನ ಈಳವರು. ಆ ಮನೆತನದ ಹುಡುಗ. ತಿರುವಾಂಕೂರಿನಲ್ಲಿ ವೈದ್ಯಕೀಯ ಓದಲು ಜಾತಿ ಅಡ್ಡಬಂತು. ಮದರಾಸಿಗೆ ಹೋಗಿ ಡಾಕ್ಟರಾಗಿ ಮರಳಿದರೂ ಹುಟ್ಟೂರಿನ ಸರಕಾರ ಕೆಲಸ ಕೊಡಲಿಲ್ಲ. ಕೈಹಿಡಿದದ್ದು ಮೈಸೂರು ಸಂಸ್ಥಾನ.

ಬೆಂಗಳೂರಿನಲ್ಲಿ ಅವರು ಸಿಡುಬಿನ ಲಸಿಕೆಯ ಕೆಲಸ ಮಾಡಿದರು. ಆಗ ಲಸಿಕೆ ತಯಾರಾಗುತ್ತಿದ್ದದ್ದು ಕರುವಿನ ಮೈಯಲ್ಲಿ. ದನದ ಸಿಡುಬನ್ನು ಕರುವಿನ ಚರ್ಮಕ್ಕೆ ಹತ್ತಿಸಿ, ಎದ್ದ ಗುಳ್ಳೆಯ ರಸವನ್ನು ತೆಗೆದು ಜನರ ತೋಳಿಗೆ ಗೀರುತ್ತಿದ್ದರು. ಬಿಸಿಲಿಗೆ ಅದು ಬೇಗ ಕೆಡುತ್ತಿತ್ತು. ಸಿಡುಬೆಂದರೆ ಮಾರಿಯಮ್ಮನಿಗೆ ಹರಕೆ ಹೊರುತ್ತಿದ್ದ ಕಾಲ. ನಮ್ಮ ಊರಿನ ಹಿರಿಯರ ತೋಳಿನಲ್ಲಿ ಆ ಲಸಿಕೆಯ ಕಲೆ ಈಗಲೂ ಇದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪಲ್ಪು ಪ್ಲೇಗಿನ ಶಿಬಿರಗಳಲ್ಲಿ ನಿಂತು ರೋಗಿಗಳನ್ನು ನೋಡಿಕೊಂಡರು. ಜಾತಿಯ ಕಾರಣಕ್ಕೆ ಊರು ಬೇಡವೆಂದ ಡಾಕ್ಟರು ಎಲ್ಲ ಜಾತಿಯವರ ಮೈಮುಟ್ಟಿ ಚಿಕಿತ್ಸೆ ಮಾಡಿದರು.

ಲಸಿಕೆ ಹೇಗೆ ಕಾಯುತ್ತದೆ ಎಂಬುದು ಅಂದು ಪೂರ್ತಿ ತಿಳಿದಿರಲಿಲ್ಲ. ರಕ್ಷಣೆಯ ಬಿಳಿ ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ. ಕೆಲವು ಅಲ್ಲೇ ಬಲಿತು ಬಿ ಕಣಗಳಾಗಿ, ಮುಂದೆ ಪ್ರತಿಕಾಯಗಳನ್ನು ತಯಾರಿಸುತ್ತವೆ. ಕೆಲವು ಎದೆಗೂಡಿನ ಥೈಮಸ್ ಗ್ರಂಥಿಗೆ ಹೋಗಿ ಟಿ ಕಣಗಳಾಗುತ್ತವೆ. ಲಸಿಕೆಯಲ್ಲಿ ರೋಗದ ಗುರುತು ಕಂಡ ಕೆಲವು ಕಣಗಳು ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತವೆ. ಥೈಮಸ್ಸಿನ ಈ ಕೆಲಸ ಗೊತ್ತಾದದ್ದು 1961ರಲ್ಲಿ. ಅಷ್ಟರಲ್ಲಿ ಪಲ್ಪು ತೀರಿಕೊಂಡು 11 ವರ್ಷವಾಗಿತ್ತು. ನಮ್ಮ ಮೈಯನ್ನೇ ನಮ್ಮ ಕಣಗಳು ತಿನ್ನದಂತೆ ತಡೆಯುವ ಬೇರೆ ಟಿ ಕಣಗಳೂ ಇವೆ; ಅವುಗಳ ಸಂಶೋಧನೆಗೆ 2025ರ ನೊಬೆಲ್ ಬಂತು.

ಮೈಸೂರಿನ ಸಂಬಳ ಪಡೆಯುತ್ತಲೇ ಪಲ್ಪು ತಮ್ಮವರನ್ನು ಮರೆಯಲಿಲ್ಲ. ಈಳವರಿಗೆ ಸರಕಾರಿ ಶಾಲೆ, ಸರಕಾರಿ ಕೆಲಸ ಬೇಕೆಂದು 1896ರಲ್ಲಿ 13,176 ಜನರ ಸಹಿ ಹಾಕಿಸಿ ತಿರುವಾಂಕೂರಿನ ಮಹಾರಾಜರಿಗೆ ಮನವಿ ಕೊಟ್ಟರು. 1903ರಲ್ಲಿ ಗುರುಗಳ ಅಧ್ಯಕ್ಷತೆಯಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಹುಟ್ಟಿತು. ಅದರ ಹಿಂದಿನ ದುಡಿಮೆಯಲ್ಲಿ ಪಲ್ಪು ಅವರ ಪಾಲು ದೊಡ್ಡದು. ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದು ನಮಗೆಲ್ಲ ಗೊತ್ತು.

ಪಲ್ಪು 1950ರಲ್ಲಿ ನಿಧನರಾದರು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅವರು ಬೇಡಿದ ಇನ್ನೊಂದು ಸಂಗತಿ ಸರಕಾರಿ ಶಾಲೆ. ಯಾರ ಮನೆಯ ಮಗುವಾದರೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯುವ ನಮ್ಮ ಶಾಲೆಗೆ ಈಗ ಐವತ್ತು. ಇಲ್ಲಿ ಓದಿ ಮುಂದೆ ಮಣಿಪಾಲದಲ್ಲಿ ಡಾಕ್ಟರಾಗುವ ಕನಸು ಕಾಣುವ ಮಕ್ಕಳು ಈ ಹಿರಿಯರ ಹೆಸರನ್ನು ತಿಳಿದಿರಲಿ.